ಹಟಮಾರಿಯ ಒಳಮೈ

"ಈ ದೋಣಿ ಕಡಲು ಬಿಟ್ಟು ಮೇಲೆ ಬಂದ ದಿನ ನಿನ್ನ ಮನೆಗೇ ಬರುತ್ತೆ ಸುನಿಲ್ದಾ, ಇನ್ಯಾರ ಮನೆಗೂ ಅಲ್ಲ. ಪೂರ್ತಿಯಾಗಿ ಬರುತ್ತೆ."

ನನ್ನ ಅಪ್ಪ ಒನೋಫ್ರೆ ಅಮ್ಮನಿಗೆ ಈ ಮಾತು ಕೊಟ್ಟದ್ದು ನಲವತ್ತೊಂದು ವರ್ಷದ ಹಿಂದೆ, ನಮ್ಮ ದ್ವೀಪದ ಕಾಸ್ತ್ರೋ ಊರಿನ ದಂಡೆಯ ಮೇಲೆ, ಕೇರಿಯ ಅರ್ಧ ಜನರ ಎದುರಿಗೆ. ನನಗೆ ಆಗ ಐದು ವರ್ಷ. ಅಪ್ಪ ನಗುತ್ತ ಹೇಳಿದ. ಜನ ನಕ್ಕರು. ಅಮ್ಮ ನಗಲಿಲ್ಲ.

ಆ ದಿನ ದೋಣಿಯನ್ನು ಮೊದಲ ಸಲ ನೀರಿಗಿಳಿಸುತ್ತಿದ್ದರು. ಹೊಸ ದೋಣಿಗೆ ಮೊದಲ ಮೀನು ಬೀಳುವ ತನಕ ಹೆಂಗಸು ಅದರಲ್ಲಿ ಕಾಲಿಡಬಾರದು ಎಂದು ನಮ್ಮ ಗಂಡಸರು ನಂಬಿದ್ದ ಕಾಲ. ಅಮ್ಮ ಲಂಗ ಎತ್ತಿ ಕಟ್ಟಿಕೊಂಡು ಮೊಣಕಾಲಿನವರೆಗೆ ನೀರಿಗಿಳಿದು ದೋಣಿಯ ಅಂಚಿಗೆ ಕೈ ಹಾಕಿದ್ದಳು. ಅಪ್ಪನ ಗೆಳೆಯ ಎರ್ಮೊಹೆನೆಸ್, ನಮಗೆಲ್ಲ ಎರ್ಮೊ ಮಾಮ, ಅಡ್ಡ ನಿಂತು ಕೈ ಬಿಡಿಸಿದ.

"ಎಂಟು ತಿಂಗಳು ಇದರ ಹೊಟ್ಟೆಯಲ್ಲಿ ಕೂತಿದ್ದೆ. ಆಗ ಆಗದೆ ಇದ್ದ ಅಪಶಕುನ ಈಗ ನೀರು ಕಂಡ ತಕ್ಷಣ ಆಗ್ಬಿಡ್ತಾ?" ಎಂದಳು ಅಮ್ಮ.

ಸುಳ್ಳಲ್ಲ. ನಮ್ಮ ದೋಣಿಗಳನ್ನು ಇಬ್ಬರು ಸೇರಿಯೇ ಕಟ್ಟಬೇಕು. ಒಬ್ಬರು ಹೊರಗೆ ನಿಂತು ತಾಮ್ರದ ಮೊಳೆ ಹೊಡೆಯುತ್ತಾರೆ. ಇನ್ನೊಬ್ಬರು ಒಳಗೆ ಕೂತು, ಮೊಳೆಯ ತುದಿ ಹೊರಬರುವ ಜಾಗಕ್ಕೆ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಪೆಟ್ಟು ಬಿದ್ದಾಗ ತುದಿ ಆ ಕಬ್ಬಿಣಕ್ಕೆ ತಾಗಿ, ಬಾಗಿ, ಕೊಕ್ಕೆಯಾಗಿ ಮರವನ್ನೇ ಮತ್ತೆ ಕಚ್ಚಿಕೊಳ್ಳುತ್ತದೆ. ಒಳಗಿನ ಕೈ ಒಂದಿಷ್ಟು ಅಲುಗಿದರೂ ಮೊಳೆ ಸಡಿಲ. ಮೊಳೆ ಸಡಿಲವಾದರೆ ದೋಣಿ ಸಡಿಲ. ಹೊರಗೆ ಹೊಡೆದದ್ದು ಅಪ್ಪ, ಒಳಗೆ ಕೂತದ್ದು ಅಮ್ಮ. ಹೊಟ್ಟೆಯಲ್ಲಿ ನನ್ನ ತಮ್ಮ ಅಬ್ದೋನ್ ಇದ್ದ. ಸಂಜೆ ಅವಳ ಕೈಯಿಂದ ಸೌಟು ಜಾರಿ ಬೀಳುತ್ತಿದ್ದುದು ನನಗೆ ನೆನಪಿದೆ.

ದೋಣಿ ನೀರಿಗಿಳಿಯಿತು. ಮೂರನೇ ದಿನಕ್ಕೆ ಮೀನೂ ಬಿತ್ತು. ಅಪ್ಪ ಬಂದು ಕರೆದ: "ಬಾರೇ, ಈಗ ಹತ್ತು."

"ಮನೆಗೆ ಬರುತ್ತೆ ಅಂದ್ಯಲ್ಲ, ಆಗ ಹತ್ತುತ್ತೀನಿ" ಎಂದಳು. ಹತ್ತಲಿಲ್ಲ. ಆ ವರ್ಷವೂ ಇಲ್ಲ, ಮುಂದೆ ಅಪ್ಪ ಬದುಕಿದ್ದ ಮೂವತ್ತೇಳು ವರ್ಷವೂ ಇಲ್ಲ. ಆಚೆ ದಡದಲ್ಲಿ ಅವಳ ತಂಗಿಯ ಮದುವೆಯಾದಾಗ ನಾವೆಲ್ಲ ಅಪ್ಪನ ದೋಣಿಯಲ್ಲಿ ಹೋದೆವು. ಅವಳು ಬಸ್ಸಿನಲ್ಲಿ ಸುತ್ತು ಹಾಕಿಕೊಂಡು, ಧೂಳು ಹಿಡಿದು, ಊಟ ಮುಗಿದ ಮೇಲೆ ಬಂದಳು. ದೋಣಿಯ ಮೂತಿಯ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ ಬರೆದ ಹೆಸರು ಪೊರ್ಫಿಯಾದಾ, ಅಂದರೆ ಹಟಮಾರಿ. ಯಾರನ್ನು ನೆನೆದು ಇಟ್ಟದ್ದೆಂದು ಯಾರೂ ಕೇಳಲಿಲ್ಲ.

ಅಪ್ಪ ಸತ್ತು ನಾಲ್ಕು ವರ್ಷವಾಯಿತು. ದೋಣಿ ದಂಡೆಯ ಕೊನೆಯಲ್ಲಿ, ಅಬ್ದೋನನ ಕೊಟ್ಟಿಗೆಯ ಪಕ್ಕ ಬೋರಲು ಬಿದ್ದಿತ್ತು. ಕಾಗದಪತ್ರ ಅವನ ಹೆಸರಿಗೆ. ಅವನಿಗೆ ಎಂಜಿನ್ ದೋಣಿ ಇದೆ. ಹುಟ್ಟು ಹಾಕುವ ದೋಣಿ ಯಾರಿಗೆ ಬೇಕು? ನನಗೆ ಕಪ್ಪೆಚಿಪ್ಪು ಬಿಡಿಸುವ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವ ಕೆಲಸ. ಮನೆಯಲ್ಲಿ ಅಮ್ಮ, ಹದಿನಾರರ ಮಗಳು ರಾಯೆನ್, ಒಲೆಗೆ ಸೌದೆ, ಸೋರುವ ಮೂಲೆ. ದೋಣಿಯ ಬಗ್ಗೆ ಯೋಚಿಸಲು ನನಗೆ ಹೊತ್ತಿರಲಿಲ್ಲ ಎಂದು ಬರೆದರೆ ಅದು ನಿಜವೇ.

ಕಳೆದ ಮಾರ್ಚಿನ ಒಂದು ಭಾನುವಾರ ಅಬ್ದೋನ್ ಬಂದ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಟೋಪಿ ತೆಗೆದನೆಂದರೆ ಏನೋ ಇದೆ.

"ಅಮ್ಮಾ, ದೋನ್ ಗೊನ್ಸಾಲೊ ದೋಣಿ ಕೇಳ್ತಿದಾರೆ."

ದೋನ್ ಗೊನ್ಸಾಲೊ ನಮ್ಮ ಪಕ್ಕದ ಮನೆ. ಮನೆ ಎಂದರೆ ಮೂರು ಮನೆ. ಕಡಲಂಚಿನ ನೀರಿನಲ್ಲಿ ಕಂಬ ಊರಿ ಕಟ್ಟಿದ ನಮ್ಮ ಸಾಲಿನ ಮನೆಗಳಲ್ಲಿ ಮೂರನ್ನು ಕೊಂಡು, ನಡುವಿನ ಗೋಡೆ ಒಡೆದು, ಪ್ರವಾಸಿಗಳಿಗೆ ತಂಗುಮನೆ ಮಾಡಿದ್ದಾನೆ. ರಾಜಧಾನಿ ಸಾಂತಿಯಾಗೋದವನು. ಕೆಟ್ಟವನಲ್ಲ, ಕಂಡಾಗ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಾನೆ. ಒಮ್ಮೆ ಮಾತ್ರ ಬಂದು, ನಿಮ್ಮ ಒಗೆದ ಬಟ್ಟೆಯನ್ನು ಹಿಂದಿನ ಜಗಲಿಯಲ್ಲಿ ಒಣಹಾಕಬೇಡಿ, ಅತಿಥಿಗಳ ಫೋಟೋದಲ್ಲಿ ಬರುತ್ತದೆ ಎಂದಿದ್ದ. ಮರುದಿನದಿಂದ ಅಮ್ಮ ತನ್ನ ಒಳಲಂಗಗಳನ್ನು ಎಲ್ಲಕ್ಕಿಂತ ಮುಂದಿನ ಹಗ್ಗಕ್ಕೆ ಹಾಕತೊಡಗಿದಳು.

"ಆ ಮನುಷ್ಯ ದೋಣಿ ತಗೊಂಡು ಎಲ್ಲಿಗೆ ಹೋಗ್ತಾನಂತೆ?" ಎಂದಳು ಅಮ್ಮ.

"ಎಲ್ಲಿಗೂ ಇಲ್ಲಮ್ಮ. ಗೋಡೆಗೆ ಹಾಕ್ತಾರಂತೆ. ಊಟದ ಕೋಣೆ ಗೋಡೆಗೆ. ದೀಪ ಎಲ್ಲ ಬಿಟ್ಟು ಚೆನ್ನಾಗಿ ಕಾಣೋ ಹಾಗೆ. ಅದೂ ಅರ್ಧ."

"ಅರ್ಧ ಅಂದ್ರೆ?"

"ಉದ್ದಕ್ಕೆ ಕೊಯ್ದು. ಪೂರ್ತಿ ದೋಣಿ ಗೋಡೆಗೆ ಕೂರಲ್ಲ, ಹೊಟ್ಟೆ ಮುಂದೆ ಬರುತ್ತೆ."

"ಹೊಟ್ಟೆ ಮುಂದೆ ಬಂದೋರನ್ನೆಲ್ಲ ಕೊಯ್ಯೋದಾದ್ರೆ ಮೊದಲು ನಿನ್ನನ್ನೇ ಕೊಯ್ಬೇಕು."

ರಾಯೆನ್ ಕಿಸಕ್ಕನೆ ನಕ್ಕಳು. ಅಬ್ದೋನ್ ನಗಲಿಲ್ಲ. "ಇನ್ನರ್ಧ ಏನು ಮಾಡ್ತಾರೆ ಮಾಮ?" ಎಂದು ಅವಳು ಕೇಳಿದಳು.

"ಬಾಟಲಿ ಜೋಡಿಸೋಕೆ."

ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು. ಅಮ್ಮ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದಳು.

"ನಿಮ್ಮಪ್ಪ ಕೊಟ್ಟ ಮಾತು ಗೊತ್ತಾ ನಿನಗೆ?"

"ಗೊತ್ತು. ಸಾವಿರ ಸಲ ಕೇಳಿದೀನಿ. ತಮಾಷೆಗೆ ಹೇಳಿದ್ದು ಅಮ್ಮ ಅದು. ಅಲ್ಲಿ ಬಿದ್ದು ಕೊಳೀತಾ ಇದೆ. ಇನ್ನೆರಡು ಚಳಿಗಾಲ ಕಳೆದರೆ ಒಲೆಗೂ ಆಗಲ್ಲ. ಅವರ ಹತ್ರ ಇದ್ರೆ ನೂರು ಜನ ನೋಡ್ತಾರೆ. ಇಲ್ಲಿ ತಂದ್ರೆ ಯಾರು ನೋಡ್ತಾರೆ?"

"ನಾನು."

ಅಬ್ದೋನ್ ಟೋಪಿ ಹಾಕಿಕೊಂಡು ಎದ್ದ. "ಮಾತು ಕೊಟ್ಟಾಗಿದೆ. ಮುಂದಿನ ಭಾನುವಾರ ದೊಡ್ಡ ಭರತ, ಕಡಲು ತುಂಬಿ ಬರುತ್ತೆ. ಅವರ ಜನ ಬಂದು ಎಳ್ಕೊಂಡು ಹೋಗ್ತಾರೆ. ಗರಗಸದವನೂ ಬರ್ತಾನೆ." ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. "ಅಕ್ಕಾ, ನೀನಾದ್ರೂ ಹೇಳು."

ನಿಜ ಹೇಳಿಬಿಡುತ್ತೇನೆ: ಆ ಹೊತ್ತಿಗೆ ನಾನು ತಮ್ಮನ ಕಡೆಗಿದ್ದೆ. ಐದು ಮೀಟರ್ ಉದ್ದದ ದೋಣಿಯನ್ನು ಮೂರು ಹೆಂಗಸರು ತಿರುಗಾಡಲು ಜಾಗವಿಲ್ಲದ ಅಡುಗೆಮನೆಗೆ ತಂದು ಏನು ಮಾಡುವುದು? ನನ್ನ ಕಾಲು ನೋಯುತ್ತಿತ್ತು. ಮಲಗಬೇಕಿತ್ತು.

ಅವನು ಹೋದ ಮೇಲೆ ಅಮ್ಮ ಕೇಳಿದಳು: "ಈ ಗೋಡೆ ಎಷ್ಟು ಉದ್ದ?"

"ಅಮ್ಮಾ."

"ಎಷ್ಟು ಉದ್ದ, ಅಳೆದು ಹೇಳು ನೋಲ್ಫಾ."

ರಾಯೆನ್ ನನಗಿಂತ ಮೊದಲೇ ಎದ್ದು ಟೇಪು ತಂದಳು. ಗೋಡೆ ಆರು ಮೀಟರಿಗೆ ಒಂದು ಗೇಣು ಕಮ್ಮಿ. ದೋಣಿ ಐದು ಮೀಟರ್ ಇಪ್ಪತ್ತು.

"ಊಟದ ಮೇಜು ಎಲ್ಲಿಡೋದು?" ಎಂದೆ.

"ಮೇಜಿಗೆ ಯಾರೂ ಮಾತು ಕೊಟ್ಟಿಲ್ಲ" ಎಂದಳು ಅಮ್ಮ.

ನಾನು ಒಗೆದ ಬಟ್ಟೆ ತರಲು ಹಿಂದಿನ ಜಗಲಿಗೆ ಹೋದೆ. ಪಕ್ಕದ ಜಗಲಿಯಲ್ಲಿ ದೋನ್ ಗೊನ್ಸಾಲೊ ಇಬ್ಬರು ಅತಿಥಿಗಳಿಗೆ ದಂಡೆಯ ಕೊನೆಯನ್ನು ಬೆರಳು ಮಾಡಿ ತೋರಿಸುತ್ತಿದ್ದ. "ಅಲ್ಲಿ ಬಿದ್ದಿದೆ ನೋಡಿ, ಇಲ್ಲಿನ ಯಾರೋ ಒಬ್ಬ ಮೀನುಗಾರ ಕೈಯಲ್ಲೇ ಕಟ್ಟಿದ್ದು" ಎಂದ. ಯಾರೋ ಒಬ್ಬ. ಅಮ್ಮನ ಒಳಲಂಗ ನನ್ನ ಕೈಯಲ್ಲಿತ್ತು. ಅದನ್ನು ಮತ್ತೆ ಹಗ್ಗಕ್ಕೆ ಹಾಕಿ, ಒಳಗೆ ಬಂದು, ಮೇಜನ್ನು ಗೋಡೆಯಿಂದ ಈಚೆಗೆಳೆದೆ.

ಭಾನುವಾರದ ಭರತ ಅವರದು. ಶನಿವಾರದ್ದೂ ಹೆಚ್ಚುಕಮ್ಮಿ ಅಷ್ಟೇ ದೊಡ್ಡದು. ಹುಣ್ಣಿಮೆಯ ಆಸುಪಾಸಿನ ಆ ಎರಡು ದಿನ ನೀರು ಏರಿ ಏರಿ ನಮ್ಮ ಮನೆಯ ನೆಲಹಲಗೆಯಿಂದ ಒಂದು ಮೊಳ ಕೆಳಗೆ ಬಂದು ನಿಲ್ಲುತ್ತದೆ. ಹಿಂದಿನ ಗೋಡೆ ಬಿಚ್ಚಿದರೆ ದೋಣಿ ತಾನೇ ಹೊಸ್ತಿಲ ತನಕ ತೇಲಿ ಬರುತ್ತದೆ.

ಆದರೆ ಮೊದಲು ಅದು ತೇಲಬೇಕು. ನಾಲ್ಕು ವರ್ಷ ಒಣಗಿದ ಮರ; ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿ. ಅಬ್ದೋನ್ ಗುರುವಾರದ ತನಕ ಕಡಲಲ್ಲಿರುತ್ತಾನೆ. ಸೋಮವಾರ ಕೆಲಸ ಮುಗಿಸಿ ಎರ್ಮೊ ಮಾಮನ ಮನೆಗೆ ಹೋದೆ. ಎಂಬತ್ತು ದಾಟಿದ ಮುದುಕ, ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ.

"ನಿಮ್ಮಮ್ಮ ಇನ್ನೂ ಬಿಟ್ಟಿಲ್ವಾ ಆ ಮಾತನ್ನ?"

"ಬಿಟ್ಟಿಲ್ಲ ಮಾಮ. ಅವತ್ತು ಕೈ ಬಿಡಿಸಿದ್ದು ನೀವೇ ಅಂತ ಇವತ್ತೂ ಹೇಳ್ತಾಳೆ."

ಮುದುಕ ಎದ್ದ. ಆಮೇಲೆ ಬೂಟು ಹಾಕಿಕೊಂಡ.

ಅವನ ಇಬ್ಬರು ಅಳಿಯಂದಿರು ದೋಣಿಯನ್ನು ಮಗುಚಿ ನೆಟ್ಟಗೆ ನಿಲ್ಲಿಸಿಕೊಟ್ಟರು. ಸಂದಿಗಳಿಗೆ ಮುದುಕ ಹಳೆಯ ಮರದ ತೊಗಟೆಯ ನಾರು ತುರುಕಿದ. "ಇನ್ನು ನೀರು ಕುಡಿಸು. ದಿನಾ. ಒಳಗೆ ತುಂಬು, ಹೊರಗೆ ಗೋಣಿ ಹೊದಿಸಿ ನೆನೆಸು. ಮರ ಉಬ್ಬಿ ತಾನೇ ಬಾಯಿ ಮುಚ್ಕೊಳ್ಳುತ್ತೆ. ಸೋರುತ್ತೆ, ಸೋರಲಿ. ನೀನು ನಿಲ್ಲಿಸಬೇಡ."

ಸೋಮವಾರ, ಮಂಗಳವಾರ, ಬುಧವಾರ. ಕಾರ್ಖಾನೆಯಿಂದ ನೇರವಾಗಿ ದಂಡೆಗೆ. ಬಕೆಟ್ಟು ಬಕೆಟ್ಟು ಉಪ್ಪುನೀರು. ಹಾಕಿದಷ್ಟೂ ಜರಡಿಯಂತೆ ಕೆಳಗೆ ಹರಿಯುತ್ತಿತ್ತು. ರಾಯೆನ್ ಶಾಲೆ ಮುಗಿಸಿ ಬಂದು ಸೇರಿಕೊಳ್ಳುತ್ತಿದ್ದಳು. ಮಂಗಳವಾರ ನಾನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಸಾಕು, ಕೊಯ್ದುಕೊಂಡು ಹೋಗಲಿ ಎಂದುಬಿಟ್ಟೆ. ಮಗಳು ನನ್ನ ಕೆಳಗಿನಿಂದ ಬಕೆಟ್ ಕಿತ್ತುಕೊಂಡು ನೀರಿಗೆ ಹೋದಳು. ಮೂರು ತಲೆಮಾರಿಗೂ ದೋಣಿಯ ಹೆಸರೇ ಸಲ್ಲುತ್ತದೆ ಎಂದುಕೊಂಡೆ. ಬುಧವಾರ ಹಾಕಿದ ನೀರು ಗುರುವಾರ ಬೆಳಿಗ್ಗೆ ಹೋಗಿ ನೋಡಿದಾಗ ಒಂದು ಗೇಣು ಉಳಿದಿತ್ತು.

ಅಷ್ಟರಲ್ಲಿ ಅಮ್ಮ ಮನೆಮನೆಗೆ ಹೋಗಿ ಮಿಂಗಾ ಬೇಡಿ ಬಂದಿದ್ದಳು. ನಮ್ಮ ದ್ವೀಪದಲ್ಲಿ ಒಂಟಿ ಕೈಗೆ ಆಗದ ಕೆಲಸಕ್ಕೆ ಕೇರಿಯೆಲ್ಲ ಸೇರುವುದೇ ಮಿಂಗಾ. ಮನೆಯನ್ನೇ ಬುಡಸಮೇತ ಎಳೆದು ಬೇರೆ ಕಡೆ ಇಟ್ಟವರು ನಾವು. ಬೇಡುವುದಕ್ಕೆ ಒಂದು ಕ್ರಮವಿದೆ. ಬೇಡುವವರು ಹೊಸ್ತಿಲಾಚೆಯೇ ನಿಲ್ಲಬೇಕು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಅದರಲ್ಲಿ ಮಿಲ್ಕಾವೊ: ಆಲೂಗಡ್ಡೆ ತುರಿದು ಹಂದಿಯ ಕೊಬ್ಬು ಸೇರಿಸಿ ಸುಟ್ಟ ರೊಟ್ಟಿ. ಬೇಡಿಕೆ ಕೇಳಿ, ಒಪ್ಪಿಗೆಯಿದ್ದರೆ ಒಂದು ಚೂರು ಮುರಿದು ತಿನ್ನಬೇಕು. ಒಪ್ಪಿಗೆ ಇಲ್ಲದವರು ಬಟ್ಟೆ ಎತ್ತುವುದಿಲ್ಲ, ಅಷ್ಟೆ. ತಿಂದವರು ಬರಲೇಬೇಕು. ಜ್ವರ ಬಂದರೂ ಬರಬೇಕು. ತಿಂದು ಬಾರದವನ ಮನೆಯ ಕೆಲಸಕ್ಕೆ ಮುಂದೆ ಯಾರೂ ಹೋಗುವುದಿಲ್ಲ.

ಗುರುವಾರ ಸಂಜೆ ಅಮ್ಮ ಕೊನೆಯ ತಟ್ಟೆ ತೆಗೆದುಕೊಂಡು ಅಬ್ದೋನನ ಮನೆಗೆ ಹೊರಟಳು. ನಾನು ಬೇಡವೆಂದರೂ ಅವಳು ಕೇಳಲಿಲ್ಲ; ನಾನೂ ಜೊತೆಗೆ ಹೋದೆ. ಅವನು ಮೂರು ದಿನ ಕಡಲಲ್ಲಿದ್ದು ಆಗಷ್ಟೇ ಇಳಿದಿದ್ದ. ಹೆಂಡತಿ ಇನ್ನೂ ಒಲೆ ಹೊತ್ತಿಸಿರಲಿಲ್ಲ.

"ಬಾರಮ್ಮಾ, ಹೊರಗೇ ಯಾಕೆ ನಿಂತೆ? ಓಹೋ, ಬಿಸಿ ಮಿಲ್ಕಾವೊ! ನನ್ನ ತಾಯೀ!"

ಬಟ್ಟೆ ಎತ್ತಿದ, ಅರ್ಧ ರೊಟ್ಟಿ ಮುರಿದ, ಬಾಯಿ ತುಂಬ ತುರುಕಿಕೊಂಡ. ಅಮ್ಮ ಅವನು ನುಂಗುವ ತನಕ ಕಾದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು:

"ದೇವರ ಹೆಸರಲ್ಲೂ ನಿನ್ನ ಒಳ್ಳೆ ಮನಸ್ಸಿನ ಹೆಸರಲ್ಲೂ ಬೇಡ್ಕೊಳ್ತೀನಿ, ಅಬ್ದೋನ್ ಚಿಗ್ವಾಯ್. ಶನಿವಾರ ತುಂಬು ನೀರಿಗೆ ನನ್ನ ಮಿಂಗಾಕ್ಕೆ ಬಾ. ನಿನ್ನ ಹೆಗಲು ಬೇಕು."

ಎರಡನೇ ತುತ್ತಿಗೆ ಎತ್ತಿದ ಅವನ ಕೈ ಅಲ್ಲೇ ನಿಂತಿತು. "ಏನು ಎಳೀಬೇಕು?"

"ದೋಣಿ."

"ಅಮ್ಮಾ! ಇದು ಮೋಸ."

"ಯಾವುದು ಮೋಸ? ನಾನು ಬಾಯಿ ತೆಗೆಯೋಕ್ಕೆ ಮುಂಚೆ ನೀನು ತೆಗೆದೆ. ಚಿಕ್ಕವನಿದ್ದಾಗ್ಲೂ ಅಷ್ಟೇ, ಪ್ರಾರ್ಥನೆ ಮುಗಿಯೋ ತನಕ ಒಂದಿನ ಕಾದವನಲ್ಲ."

"ನಾನು ದೋನ್ ಗೊನ್ಸಾಲೊಗೆ ಮಾತು ಕೊಟ್ಟಿದ್ದೀನಿ."

"ಏನು ತಿಂದು ಕೊಟ್ಟೆ?"

"ತಿನ್ನಲಿಲ್ಲ. ಕಾಫಿ ಕುಡಿದೆ."

"ಕಾಫಿ ಲೆಕ್ಕಕ್ಕಿಲ್ಲ."

ಅವನ ಹೆಂಡತಿ ಒಳಗಿನಿಂದ ನಗು ತಡೆಯಲಾರದೆ ಕೆಮ್ಮಿದಳು. ಅಬ್ದೋನ್ ಕೈಯಲ್ಲುಳಿದ ರೊಟ್ಟಿಯ ಚೂರನ್ನು ತಟ್ಟೆಗೆ ವಾಪಸು ಇಡಲು ನೋಡಿದ; ಅಮ್ಮ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ನಾನು ಬರಲ್ಲ" ಎಂದ. ಮುಖ ಕೆಂಪಾಗಿತ್ತು. "ಊರೋರು ಏನಾದ್ರೂ ಅಂದ್ಕೊಳ್ಳಲಿ. ನನಗೂ ಒಂದು ಮಾತು ಅಂತ ಇದೆ. ಕಾಗದ ನನ್ನ ಹೆಸರಲ್ಲಿದೆ, ದೋಣಿ ಭಾನುವಾರ ಹೋಗುತ್ತೆ."

ಅಮ್ಮ ಸಿಟ್ಟಾಗಲಿಲ್ಲ. ದನಿ ತಗ್ಗಿಸಿದಳು. "ಕಾಗದದಲ್ಲಿ ಏನು ಬರ್ದಿದ್ಯೋ ನನಗೆ ಓದಕ್ಕೆ ಬರಲ್ಲ ಮಗಾ. ಆ ದೋಣಿ ಒಳಗೆ ನಾನು ಒಬ್ಬಳೇ ಕೂತಿರಲಿಲ್ಲ. ನೀನೂ ಇದ್ದೆ. ಒಂದೊಂದು ಪೆಟ್ಟು ಬಿದ್ದಾಗ್ಲೂ ನನ್ನ ಹೊಟ್ಟೆಗೆ ಒದೀತಿದ್ದೆ. ಗರಗಸದವನಿಗೆ ಹೇಳು, ಎಲ್ಲಿ ಕೊಯ್ಯಬೇಕು ಅಂತ ನೀನೇ ತೋರಿಸು."

ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ತಿರುಗಿ ನಡೆದಳು.

ಶನಿವಾರ ಬೆಳಿಗ್ಗೆಯೇ ಹಿಂದಿನ ಗೋಡೆಗೆ ಹೊದಿಸಿದ್ದ ಮರದ ಹೆಂಚುಗಳನ್ನು ಒಂದೊಂದಾಗಿ ಬಿಚ್ಚಿ, ನಂಬರು ಬರೆದು ಜೋಡಿಸಿದೆವು. ಜಗಲಿಯ ಪಕ್ಕ ಎರಡು ಕಂಬದ ನಡುವಿನ ಹಲಗೆ ತೆಗೆದಾಗ ಅಡುಗೆಮನೆಗೆ ನೇರವಾಗಿ ಕೊಲ್ಲಿ ಕಾಣಿಸಿತು. ಗಾಳಿಗೆ ಒಲೆ ಹೊಗೆಯಾಡಿತು. ಅಮ್ಮ ಕಪ್ಪು ಶಾಲು ಹೊದ್ದು ಒಲೆಯ ಮುಂದೆ ಕೂತು, ಬರುವವರಿಗೆ ದೊಡ್ಡ ಪಾತ್ರೆಯಲ್ಲಿ ಮಾಂಸದ ಸಾರು ತಿರುಗಿಸುತ್ತಿದ್ದಳು. ಕಾಸ್ತ್ರೋದಲ್ಲಿ ಗೋಡೆಯಿಲ್ಲದ ಮನೆಯಲ್ಲಿ ಅಷ್ಟು ಠೀವಿಯಿಂದ ಕೂತವರನ್ನು ನಾನು ಬೇರೆ ನೋಡಿಲ್ಲ.

ಹನ್ನೆರಡಕ್ಕೆ ಜನ ಸೇರಿದರು. ನಾನು ಎಣಿಸಿದೆ: ಇಪ್ಪತ್ಮೂರು. ಅಬ್ದೋನ್ ಇರಲಿಲ್ಲ.

ದೋಣಿಯನ್ನು ಇಬ್ಬರು ನೀರಿಗೆ ನೂಕಿದರು. ರಾಯೆನ್ ಒಳಗೆ ಕೂತು ಡಬ್ಬದಲ್ಲಿ ನೀರು ಎತ್ತಿ ಚೆಲ್ಲುತ್ತ ಬಂದಳು. ಹೆಣ್ಣೆಂದು ತಡೆಯಲು ಯಾರಿಗೂ ನೆನಪಾಗಲಿಲ್ಲ. ಅಂಚಿನವರೆಗೆ ಮುಳುಗಿ, ವಾಲಾಡುತ್ತ, ಕುಡಿದವನ ಹಾಗೆ ಹಟಮಾರಿ ದಂಡೆಯುದ್ದಕ್ಕೂ ಬಂತು. ಒಂದೂವರೆಗೆ ಅದರ ಮೂತಿ ನಮ್ಮ ಹಿಂಗೋಡೆಯ ಬಾಯಿಗೆ ತಾಗಿತು. ನೀರಿನಿಂದ ನೆಲಕ್ಕೆ ಎರಡು ದಿಮ್ಮಿ ಓರೆಯಾಗಿ ಇಟ್ಟಿದ್ದೆವು. ಮೂತಿಗೆ ಕಟ್ಟಿದ ಹಗ್ಗ ಅಡುಗೆಮನೆಯನ್ನು ಹಾದು, ನಡುಕೋಣೆಯನ್ನು ಹಾದು, ಮುಂಬಾಗಿಲಿನಿಂದ ಬೀದಿಗೆ ಹೋಗಿತ್ತು. ಬೀದಿಯಲ್ಲಿ ಹದಿನೈದು ಜನ ಹಗ್ಗ ಹಿಡಿದು ನಿಂತರು.

"ಏಯ್... ಈಗಾ!" ಎರ್ಮೊ ಮಾಮ ಕೂಗಿದ.

ದೋಣಿ ಒಂದು ಮೊಳ ಏರಿತು, ಜಾರಿತು. ಮತ್ತೆ ಏರಿತು, ಜಾರಿತು. ನೆನೆದ ಮರದ ಭಾರ. ಹಗ್ಗದ ಕೊನೆಯಲ್ಲಿ ಸೊಂಟಕ್ಕೆ ಸುತ್ತಿಕೊಂಡು ಕಾಲೂರಿ ನಿಲ್ಲುವ ಆಳು ಒಬ್ಬ ಬೇಕು. ನಮ್ಮ ಕೇರಿಯಲ್ಲಿ ಆ ಜಾಗ ಯಾವತ್ತೂ ಅಬ್ದೋನನದು. ಅಲ್ಲಿ ನಾನು ನಿಂತಿದ್ದೆ. ಅಂಗೈ ಸುಲಿದಿತ್ತು.

"ಭರತ ತಿರುಗೋಕೆ ಇನ್ನು ಕಾಲು ಗಂಟೆ" ಎಂದ ಮುದುಕ. ತಿರುಗಿದರೆ ನೀರು ಇಳಿಯುತ್ತದೆ, ದೋಣಿ ಕಂಬಗಳ ನಡುವೆ ನೇತಾಡುತ್ತದೆ, ನಾಳೆ ಗರಗಸದವನು ಬರುತ್ತಾನೆ.

ಆಗ ನನ್ನ ಬೆನ್ನ ಹಿಂದೆ ಯಾರೋ ಹಗ್ಗಕ್ಕೆ ಕೈ ಹಾಕಿದರು. "ಪಕ್ಕಕ್ಕೆ ಸರಿ ಅಕ್ಕ. ಗಂಟು ಕಟ್ಟಿರೋದು ನೋಡು, ಶೂ ಲೇಸ್ ಕಟ್ಟಿದ ಹಾಗಿದೆ." ಅಬ್ದೋನ್. ಗಡ್ಡ ಬೋಳಿಸಿರಲಿಲ್ಲ, ನಿದ್ದೆ ಮಾಡಿದಂತೆಯೂ ಇರಲಿಲ್ಲ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಲ್ಲಿಗೆ ಕಾಲು ಕೊಟ್ಟು ನಿಂತ.

"ಏಯ್... ಈಗಾ!"

ಪಕ್ಕದ ಬಾಗಿಲು ತೆರೆದು ದೋನ್ ಗೊನ್ಸಾಲೊ ಬೀದಿಗೆ ಬಂದ. ಹಿಂದೆ ಕ್ಯಾಮೆರಾ ಹಿಡಿದ ನಾಲ್ಕು ಅತಿಥಿಗಳು. "ಅಬ್ದೋನ್! ಏನ್ರಿ ಇದು? ನಾಳೆ ಅಂತ ಅಲ್ವಾ ನಮ್ಮ ಮಾತು?"

"ಮಿಂಗಾಕ್ಕೆ ಬೇಡಿದಾರೆ, ದೋನ್ ಗೊನ್ಸಾಲೊ" ಎಂದ ಅಬ್ದೋನ್, ಹಲ್ಲು ಕಚ್ಚಿ ಎಳೆಯುತ್ತಲೇ. "ಮಿಲ್ಕಾವೊ ತಿಂದ್ಬಿಟ್ಟಿದ್ದೀನಿ."

"ಏನು ತಿಂದಿದ್ದೀರಿ?"

ಉತ್ತರ ಹೇಳುವ ಪುರುಸೊತ್ತು ಯಾರಿಗಿತ್ತು? ಹಗ್ಗ ಒಂದು ಮೊಳ ಬಂತು, ಎರಡು ಮೊಳ ಬಂತು, ಆಮೇಲೆ ಒಮ್ಮೆಲೇ ಸಡಿಲಾಯಿತು. ಹಗ್ಗ ಹಿಡಿದವರೆಲ್ಲ ಬೀದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು. ಒಳಗಿನಿಂದ ಎರ್ಮೊ ಮಾಮನ ಕೂಗು: "ಬಂತು! ಒಲೆ ತನಕ ಬಂದ್ಬಿಡ್ತು, ನಿಲ್ಲಿಸ್ರೋ!"

ದೋನ್ ಗೊನ್ಸಾಲೊ ನಮ್ಮ ಹಿಂದೆಯೇ ಒಳಗೆ ಬಂದ. ನೆಲದ ಮೇಲೆ ನೀರು ಸುರಿಸುತ್ತ ಮಲಗಿದ್ದ ದೋಣಿಯನ್ನು ನೋಡಿ ಅವನ ಮುಖ ಮೆತ್ತಗಾಯಿತು. ಅವನಿಗೂ ಅದು ಇಷ್ಟವಾಗಿತ್ತು, ಇಲ್ಲವೆನ್ನಲಾರೆ.

"ಅಮ್ಮಾವ್ರೇ, ಹಾಗಾದ್ರೆ ಕೊಯ್ಯೋದಿಲ್ಲ. ಪೂರ್ತಿ ತಗೋತೀನಿ. ಸೂರಿಗೆ ಹಾಕಿಸ್ತೀನಿ. ಕೆಳಗೆ ಫಲಕದಲ್ಲಿ ನಿಮ್ಮ ಯಜಮಾನರ ಹೆಸರು ಕೆತ್ತಿಸ್ತೀನಿ."

ಎಲ್ಲರೂ ಅಮ್ಮನ ಕಡೆ ನೋಡಿದರು. ನಾನೂ.

"ಹೊರಗಿಂದ ಹೊಡೆದವನ ಹೆಸರು" ಎಂದಳು ಅಮ್ಮ. "ಒಳಗಿಂದ ಹಿಡಿದವಳದ್ದು?"

"ಅದನ್ನೂ ಕೆತ್ತಿಸೋಣ. ಹೆಸರು ಹೇಳಿ."

"ದೋಣಿ ಮೂತಿ ಮೇಲೆ ಬರ್ದಿದೆ, ಓದ್ಕೊಳ್ಳಿ. ಸಾರು ಕುಡಿದು ಹೋಗಿ ದೋನ್ ಗೊನ್ಸಾಲೊ, ಮಿಂಗಾಕ್ಕೆ ಬಂದವರು ಹಸಿದು ಹೋಗಬಾರದು."

ಅವನು ಸಾರು ಕುಡಿದ. ಎರಡು ಬಟ್ಟಲು ಕುಡಿದ.

ಗೋಡೆಯ ಕಂಬಗಳಿಗೆ ಕಬ್ಬಿಣದಷ್ಟು ಗಟ್ಟಿಯಾದ ಲೂಮಾ ಮರದ ಗೂಟಗಳನ್ನು ಎರ್ಮೊ ಮಾಮ ಮೊದಲೇ ಬಡಿದಿಟ್ಟಿದ್ದ. ದೋಣಿ ಎತ್ತುವ ಮುಂಚೆ ಮತ್ತೊಂದು ಜಗಳ. ಗಂಡಸರೆಲ್ಲ ಒಂದೇ ಬಾಯಿ: ಬಣ್ಣದ ಹೊರಮೈ ಕೋಣೆಗೆ ಕಾಣಬೇಕು, ಹೆಸರು ಕಾಣಬೇಕು, ದೋಣಿಯನ್ನು ಗೋಡೆಗೆ ಹಾಕುವುದು ಹಾಗೆ.

"ತಿರುಗಿಸಿ" ಎಂದಳು ಅಮ್ಮ. "ಒಳಗಿನದ್ದು ಈಚೆಗೆ."

"ಒಳಗೇನಿದೆ ಸುನಿಲ್ದಾ? ಬರೀ ಮೊಳೆ ತುದಿ" ಎಂದ ಎರ್ಮೊ ಮಾಮ.

"ಅದೇ."

ಮುದುಕ ಅವಳನ್ನು ನೋಡಿದ, ಟೋಪಿ ತೆಗೆದ, ತಲೆ ಕೆರೆದುಕೊಂಡ. "ತಿರುಗಿಸ್ರೋ" ಎಂದ. ಇಪ್ಪತ್ತು ಜೋಡಿ ಕೈ ಎತ್ತಿದವು. ದೋಣಿ ಬೆನ್ನನ್ನು ಗೋಡೆಗೆ ಕೊಟ್ಟು, ಹೊಟ್ಟೆಯನ್ನು ಕೋಣೆಗೆ ತೆರೆದು ನಿಂತಿತು. ಕೆಳಗಿನ ಬದಿ ಬೆಂಚಿನ ಎತ್ತರಕ್ಕೆ, ಮೇಲಿನ ಬದಿ ಸೂರಿಗೆ ಒಂದು ಗೇಣು ಕಮ್ಮಿ. ಗೋಡೆಯ ಬಾಯಿಂದ ಬಂದ ಬೆಳಕಿಗೆ ಬಾಗಿದ ಮೊಳೆ ತುದಿಗಳು ಸಾಲು ಸಾಲಾಗಿ ಕಂಡವು, ಸಾವಿರಕ್ಕೂ ಮೇಲೆ, ಒಂದೊಂದೂ ಮರವನ್ನು ಕಚ್ಚಿಕೊಂಡು. ಅಬ್ದೋನ್ ಹತ್ತಿರ ಹೋಗಿ ಒಂದು ಸಾಲಿನ ಮೇಲೆ ಬೆರಳಾಡಿಸಿದ.

"ಒಂದೂ ಸಡಿಲ ಇಲ್ಲ" ಎಂದ.

"ಇರಲ್ಲ" ಎಂದಳು ಅಮ್ಮ.

ಮೇಜನ್ನು ಕೊಯ್ದು ಅರ್ಧ ಮಾಡಿದೆವು. ಮೂವರು ಒಬ್ಬರಿಗೊಬ್ಬರು ಮೊಣಕೈ ತಾಗಿಸಿಕೊಂಡು ಉಣ್ಣುತ್ತೇವೆ. ಒಲೆಯ ಕಾವಿಗೆ ದೋಣಿಯ ಹಲಗೆಗಳು ಒಣಗಿ ಮತ್ತೆ ಸಂದಿ ಬಿಟ್ಟಿವೆ. ಕೆಲವೊಮ್ಮೆ ಅನ್ನಕ್ಕಿಟ್ಟ ಹೊತ್ತಿಗೆ ಟಪ್ಪೆಂದು ಸೀಳುವ ಸದ್ದು ಕೇಳುತ್ತದೆ. ಒದ್ದೆ ಬಟ್ಟೆ ಹೊದಿಸೋಣ ಎಂದರೆ ಅಮ್ಮ ಬೇಡವೆನ್ನುತ್ತಾಳೆ: "ಸೀಳಲಿ. ನನ್ನ ಮೈ ಸೀಳಿಲ್ವಾ?" ತಂಗುಮನೆಯ ಅತಿಥಿಗಳು ಆಗಾಗ ಬಾಗಿಲು ತಟ್ಟಿ, ನೋಡಬಹುದಾ ಎನ್ನುತ್ತಾರೆ. ಅವಳಿಗೆ ಮನಸ್ಸಿದ್ದರೆ ಬಿಡುತ್ತಾಳೆ. ಮನಸ್ಸಿಲ್ಲದಿದ್ದರೆ ಒಳಲಂಗ ಒಣಗುತ್ತಿದೆ ಎನ್ನುತ್ತಾಳೆ.

ತಮ್ಮನ ವಿಷಯ ಒಂದು ಉಳಿಯಿತು. ಈ ಕೇರಿಯಲ್ಲಿ ಹುಟ್ಟಿ, ಕೈಕಾಲು ಬಂದಾಗಿನಿಂದ ಮಿಂಗಾಗಳಲ್ಲಿ ಹಗ್ಗ ಎಳೆದವನಿಗೆ, ಹೊಸ್ತಿಲಾಚೆ ನಿಂತ ಹೆಂಗಸಿನ ಕೈಯ ಮುಚ್ಚಿದ ತಟ್ಟೆ ಏನೆಂದು ಗೊತ್ತಾಗಲಿಲ್ಲವೇ? ಒಂದು ದಿನ ಕೇಳಿದೆ. "ಹಸಿವಾಗಿತ್ತು ಅಕ್ಕ" ಎಂದ. ಅಷ್ಟೇ.

ಆ ಶನಿವಾರ ಸಂಜೆ, ಜನ ಚದುರುವ ಮುಂಚೆ, ಅಮ್ಮ ಚಪ್ಪಲಿ ಬಿಟ್ಟು, ಅಬ್ದೋನನ ಹೆಗಲಿಗೆ ಕೈ ಕೊಟ್ಟು, ದೋಣಿಯ ಅಂಚು ದಾಟಿ ಒಳಗೆ ಕಾಲಿಟ್ಟಳು. ಒದ್ದೆ ಹಲಗೆಯ ಮೇಲೆ, ತಾನು ಕಬ್ಬಿಣ ಹಿಡಿದು ಕೂತಿದ್ದ ಜಾಗ ಹುಡುಕಿ, ಕೂತಳು. ಕೂತಲ್ಲೇ ಸಾರು ಕೇಳಿ ಕುಡಿದಳು.

ಅಪ್ಪ ಕೊಟ್ಟ ಮಾತು ನಡೆಯಿತು. ಅಬ್ದೋನ್ ಕೊಟ್ಟದ್ದು ಮುರಿಯಿತು.